ತೊಂಬತ್ತರ ಕಾಲಿಗೆ ಬಂದ ಕಸುವು

ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ, ದಕ್ಷಿಣ ಇಟಲಿಯ ಗ್ರೀಕ್ ವಸಾಹತು ಕ್ರೋಟನ್‌ನಲ್ಲಿ ಮೈಲೋ ಎಂಬ ಜಟ್ಟಿಯಿದ್ದ. ಒಲಿಂಪಿಯಾದ ಕುಸ್ತಿ ಕಣದಲ್ಲಿ ಆರು ಸಲ ಗೆದ್ದವನು. ಎಳೆಗರುವೊಂದನ್ನು ದಿನವೂ ಹೊತ್ತು ನಡೆಯುತ್ತಿದ್ದ, ಅದು ಬೆಳೆದು ಹೋರಿಯಾದಾಗಲೂ ಹೊರುತ್ತಿದ್ದ ಎಂಬ ಕಥೆ ಇವನದೇ. ಏಳನೆಯ ಸಲ ಕಣಕ್ಕಿಳಿದಾಗ ಅವನ ವಯಸ್ಸು ನಲವತ್ತರ ಆಸುಪಾಸು. ಎದುರಾಳಿ ಅದೇ ಊರಿನ ತರುಣ ಟಿಮಾಸಿಥಿಯಸ್. ಆತ ಮೈಲೋನ ಹಿಡಿತಕ್ಕೆ ಸಿಗದಂತೆ ದೂರವೇ ಉಳಿದ. ಏಳನೆಯ ಗೆಲುವು ಮೈಲೋಗೆ ದಕ್ಕಲಿಲ್ಲ.

ಇದಾಗಿ ನಾಲ್ಕೂವರೆ ಶತಮಾನ ಕಳೆದ ಮೇಲೆ, ಕ್ರಿ.ಪೂ. 44ರಲ್ಲಿ, ರೋಮಿನ ಸಿಸೆರೊ ಮುಪ್ಪನ್ನು ಕುರಿತು ಒಂದು ಗ್ರಂಥ ಬರೆದ. ಅದರಲ್ಲಿ ಎಂಬತ್ತನಾಲ್ಕರ ಹಿರಿಯ ಕೇಟೊ ಇಬ್ಬರು ಕಿರಿಯರಿಗೆ ಮೈಲೋನ ಪ್ರಸಂಗ ಹೇಳುತ್ತಾನೆ. ಮುದುಕನಾದ ಮೈಲೋ ಹುಡುಗರು ಸಾಮು ಮಾಡುವುದನ್ನು ನೋಡುತ್ತಾ ನಿಂತವನು, ತನ್ನ ತೋಳುಗಳ ಕಡೆ ಕಣ್ಣು ಹಾಯಿಸಿ, ಇವು ಸತ್ತೇಹೋದವಲ್ಲ ಎಂದು ಅತ್ತನಂತೆ. ಕೇಟೊಗೆ ಈ ಅಳು ಹಿಡಿಸುವುದಿಲ್ಲ. ಪ್ರಾಯದಲ್ಲಿ ಗೂಳಿಯ ಬಲ ಬೇಕೆಂದು ಆಸೆಪಡದವನು, ಮುಪ್ಪಿನಲ್ಲಿ ಪ್ರಾಯದ ಬಲಕ್ಕೆ ಹಂಬಲಿಸುವುದೇಕೆ ಎಂಬುದು ಅವನ ವಾದ.

ವಿವೇಕದ ಮಾತೇ. ಆದರೆ ಅತ್ತ ಮೈಲೋ, ಗದರಿದ ಕೇಟೊ ಇಬ್ಬರೂ ಒಂದು ವಿಷಯವನ್ನು ಮರುಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದರು: ವಯಸ್ಸಿನೊಂದಿಗೆ ಹೋದ ಬಲ ಹೋದದ್ದೇ. ಹೆಚ್ಚುಕಡಿಮೆ ಎಲ್ಲ ನಾಡುಗಳೂ ಇದನ್ನು ನಂಬಿದವು. ಅರವತ್ತಕ್ಕೆ ಅರಳು ಮರಳು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಕನ್ನಡವೂ ಹೇಳಿತು. ವೈದ್ಯರು ವಯಸ್ಸಾದವರಿಗೆ ನಡಿಗೆ ಹೇಳಿದರು, ವಿಶ್ರಾಂತಿ ಹೇಳಿದರು. ಭಾರ ಎತ್ತಿ ಎಂದು ಹೇಳಿದವರು ವಿರಳ.

ಭಾರವನ್ನೇ ಔಷಧಿಯಂತೆ ಅಳೆದು ಕೊಡಬಹುದು ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಗೊತ್ತಾಯಿತು. ಚಿಕಾಗೋದ ಸೇನಾ ಆಸ್ಪತ್ರೆಯಲ್ಲಿ ಕಾಲಿಗೆ ಪೆಟ್ಟಾದ ಸೈನಿಕರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಅಲ್ಲಿನ ವೈದ್ಯ ಥಾಮಸ್ ಡಿಲಾರ್ಮ್ ಹುಡುಗನಾಗಿದ್ದಾಗ ಸಂಧಿವಾತ ಜ್ವರದಿಂದ ನೆಲಕಚ್ಚಿ, ಆಮೇಲೆ ಭಾರ ಎತ್ತಿಯೇ ಮೈ ಕಟ್ಟಿಕೊಂಡವರು. ಸೈನಿಕರಿಗೂ ಅದನ್ನೇ ಮಾಡಿಸಿದರು. ಹತ್ತು ಸಲ ಮಾತ್ರ ಎತ್ತಲು ಆಗುವಷ್ಟು ಭಾರ ಯಾವುದೆಂದು ಕಂಡುಕೊಳ್ಳುವುದು, ಬಲ ಹೆಚ್ಚಿದಂತೆ ಭಾರವನ್ನೂ ಹೆಚ್ಚಿಸುತ್ತಾ ಹೋಗುವುದು. 1945ರಲ್ಲಿ ಈ ಪದ್ಧತಿ ಪ್ರಕಟವಾಯಿತು. ಒಂದು ರೀತಿಯಲ್ಲಿ ಇದು ಮೈಲೋನ ಕರುವಿನ ಲೆಕ್ಕವೇ.

ಆದರೆ ಆ ಸೈನಿಕರು ಇಪ್ಪತ್ತು ಮೂವತ್ತರ ಪ್ರಾಯದವರು. ಅರವತ್ತು ದಾಟಿದವರ ಮೇಲೆ ನಡೆದ ಹಿಂದಿನ ಹಲವು ಪ್ರಯೋಗಗಳಲ್ಲಿ ಹಗುರ ತೂಕ ಕೊಟ್ಟು, ಫಲ ಅಲ್ಪವೆಂದು ಬರೆದುಕೊಂಡಿದ್ದರು. ತಪ್ಪು ವಯಸ್ಸಿನದೋ, ತೂಕದ್ದೋ?

1988ರಲ್ಲಿ ಬಾಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಫ್ರಾಂಟೆರಾ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕೊಟ್ಟರು. 60ರಿಂದ 72 ವರ್ಷದ 12 ಗಂಡಸರು ವಾರಕ್ಕೆ ಮೂರು ದಿನ, 12 ವಾರ, ತಮ್ಮ ಗರಿಷ್ಠ ಸಾಮರ್ಥ್ಯದ ಶೇ. 80ರಷ್ಟು ಭಾರವನ್ನು ಕಾಲಿನಿಂದ ಎತ್ತಿದರು. ಮಂಡಿ ಚಾಚುವ ಬಲ ಎರಡು ಪಟ್ಟು ಮೀರಿತು. ಸ್ಕ್ಯಾನ್ ಮಾಡಿ ನೋಡಿದರೆ ತೊಡೆಯ ಸ್ನಾಯುವೂ ಬೆಳೆದಿತ್ತು.

ಅದೇ ವರ್ಷ ಇರ್ವಿನ್ ರೋಸನ್‌ಬರ್ಗ್ ಎಂಬ ವಿಜ್ಞಾನಿ, ವಯಸ್ಸಿನೊಂದಿಗೆ ಸ್ನಾಯು ಕರಗುವುದಕ್ಕೆ ಒಂದು ಹೆಸರು ಬೇಕೆಂದು ಹೇಳಿ, ಗ್ರೀಕ್ ಪದಗಳನ್ನು ಸೇರಿಸಿ ‘ಸಾರ್ಕೋಪೀನಿಯಾ’ ಎಂಬ ಮಾತು ಸೂಚಿಸಿದರು. ಅಕ್ಷರಶಃ ಅರ್ಥ, ಮಾಂಸದ ಬಡತನ. ಹೆಸರಿಲ್ಲದಿದ್ದಾಗ ಅದು ಬರೀ ಮುಪ್ಪಾಗಿತ್ತು. ಹೆಸರು ಬಂದ ಮೇಲೆ, ಅಳೆಯಬಹುದಾದ, ಪರಿಹಾರ ಹುಡುಕಬಹುದಾದ ಕೊರತೆಯಾಯಿತು.

ಇನ್ನುಳಿದದ್ದು ತೀರಾ ಇಳಿವಯಸ್ಸಿನವರ ಪ್ರಶ್ನೆ. ಬಾಸ್ಟನ್‌ನದೇ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ 86ರಿಂದ 96 ವರ್ಷದ 10 ಮಂದಿಯನ್ನು ಈ ಸಾಮಿಗೆ ಇಳಿಸಿದರು. ಎಲ್ಲರೂ ಕೃಶರಾದವರು, ಒಂದಲ್ಲ ಒಂದು ಕಾಯಿಲೆ ಹೊತ್ತವರು. ವೈದ್ಯರ ನಿಗಾದಲ್ಲಿ, ಮೊದಲು ಗರಿಷ್ಠದ ಅರ್ಧ ಭಾರ, ಬೇಗನೆ ಶೇ. 80. ಎಂಟು ವಾರ. ಒಬ್ಬರ ಹೊರತು ಉಳಿದವರೆಲ್ಲ ಪೂರೈಸಿದರು. 1990ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಅಂದರೆ ಹತ್ತು ಕಿಲೋ ಎತ್ತುತ್ತಿದ್ದ ಕಾಲು ಇಪ್ಪತ್ತೇಳು ಕಿಲೋ ಎತ್ತಿದ ಲೆಕ್ಕ. ತೊಡೆಯ ಸ್ನಾಯು ಬೆಳೆದದ್ದು ಶೇ. 9ರಷ್ಟೇ. ಉಳಿದ ಬಲದ ಬಹುಪಾಲು, ಸುಮ್ಮನೆ ಮಲಗಿದ್ದ ಸ್ನಾಯುವನ್ನು ನರಗಳು ಮತ್ತೆ ಎಬ್ಬಿಸಿದ್ದರಿಂದ ಬಂದದ್ದು.

ಆ ವರದಿಯಲ್ಲಿ ಅಂಕಿಗಳ ನಡುವೆ ಎರಡು ಸಣ್ಣ ಸಂಗತಿಗಳಿವೆ. ಇಬ್ಬರು ಊರುಗೋಲು ಬಿಟ್ಟು ನಡೆದರು. ಕೈ ಊರದೆ ಕುರ್ಚಿಯಿಂದ ಏಳಲಾಗದಿದ್ದ ಮೂವರಲ್ಲಿ ಒಬ್ಬರು ಎದ್ದು ನಿಂತರು. ಕ್ರೀಡಾಪಟುವಿಗೆ ನೂರು ಕಿಲೋ ಎಷ್ಟು ದೊಡ್ಡ ಮೈಲಿಗಲ್ಲೋ, ತೊಂಬತ್ತರವರಿಗೆ ಆ ಕುರ್ಚಿ ಅದಕ್ಕಿಂತ ದೊಡ್ಡದು. ಶೌಚಕ್ಕೆ ಹೋಗಲು ಇನ್ನೊಬ್ಬರನ್ನು ಕರೆಯಬೇಕೋ ಬೇಡವೋ ಎಂಬುದು ಅಲ್ಲಿ ನಿರ್ಧಾರವಾಗುತ್ತದೆ.

ಹತ್ತು ಜನರ ಪ್ರಯೋಗ ನಂಬುವುದು ಹೇಗೆ ಎನ್ನುವವರಿಗೆ, 1994ರಲ್ಲಿ ಫಿಯಾಟರೋನ್ ತಂಡ ನೂರು ಜನರೊಂದಿಗೆ ಉತ್ತರಿಸಿತು. ಸರಾಸರಿ ವಯಸ್ಸು 87. ಹತ್ತು ವಾರ ಭಾರ ಎತ್ತಿದವರ ಬಲ ಶೇ. 113ರಷ್ಟು ಏರಿತು, ಎತ್ತದವರದು ಶೇ. 3. ಮೆಟ್ಟಿಲು ಹತ್ತುವ ಶಕ್ತಿಯೂ ಹೆಚ್ಚಿತು. ಪೌಷ್ಟಿಕ ಪೇಯವನ್ನಷ್ಟೇ ಕುಡಿದವರಲ್ಲಿ ಇಂಥ ಬದಲಾವಣೆ ಕಾಣಲಿಲ್ಲ. 2020ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೇ 65 ದಾಟಿದವರಿಗೆ, ಬೀಳದಿರಲೆಂದು, ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲದ ವ್ಯಾಯಾಮ ಹೇಳಿತು.

1990ರ ವರದಿಯಲ್ಲಿ ಇನ್ನೊಂದು ಅಂಕಿಯಿದೆ, ಅಷ್ಟು ಹಿತವಲ್ಲದ್ದು. ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರದಲ್ಲಿ ಆ ಹಿರಿಯರ ಗರಿಷ್ಠ ಬಲದಲ್ಲಿ ಶೇ. 32ರಷ್ಟು ಇಳಿದುಹೋಯಿತು. ಕಷ್ಟಪಟ್ಟು ಮುಟ್ಟಿದ ಒಟ್ಟು ಬಲದಲ್ಲಿ ಒಂದೇ ತಿಂಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಕರಗಿತು. ಮುಪ್ಪಿನಲ್ಲಿ ಬಲ ಬರುತ್ತದೆ, ಆದರೆ ಅದು ಠೇವಣಿಯಾಗಿ ಉಳಿಯುವುದಿಲ್ಲ. ದಿನಗೂಲಿಯಂತೆ ಅಂದಂದಿಗೆ ದುಡಿಯಬೇಕು.

ಮೈಲೋನ ತೋಳುಗಳು ಸತ್ತಿರಲಿಲ್ಲ. ಹೋರಿ ಹೊರುವುದು ಇನ್ನು ಅವನಿಂದಾಗದಿದ್ದಿರಬಹುದು. ಕರುವಿನಿಂದ ಮತ್ತೆ ಶುರುಮಾಡು ಎಂದು ಹೇಳುವವರು ಯಾರೂ ಇರಲಿಲ್ಲ.