ಕೋಲಾರ ಚಿನ್ನದ ಗಣಿ ಪ್ರದೇಶ: ಪೆದ್ದಪಲ್ಲಿ ಭೂವೈಜ್ಞಾನಿಕ ಸ್ಮಾರಕ ಮತ್ತು ಪ್ರಾಚೀನ ಕಡಲತಳದ ಶಿಲೆಗಳು – ಸಂದರ್ಶಕರಿಗೆ ಮಾಹಿತಿ

ಕೋಲಾರ ಜಿಲ್ಲೆಯು ಕರ್ನಾಟಕ ರಾಜ್ಯದ ಪೂರ್ವದ ಅಂಚಿನಲ್ಲಿದ್ದು, ಸಮುದ್ರದಿಂದ 200 ಕಿಲೋಮೀಟರ್‌ಗೂ ಹೆಚ್ಚು ದೂರದಲ್ಲಿದೆ. ಆದರೂ ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಸುತ್ತಲಿನ ನೆಲದಲ್ಲಿ ಪುರಾತನ ಕಡಲತಳದ ಕುರುಹುಗಳು ಕಲ್ಲಿನ ರೂಪದಲ್ಲಿ ಉಳಿದುಬಂದಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಕೆ.ಜಿ.ಎಫ್. ಸಮೀಪದ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಗಾಜಿನ ಪೆಟ್ಟಿಗೆಯೊಳಗಿಟ್ಟ ವಸ್ತುವನ್ನು ದೂರದಿಂದ ನೋಡುವುದಕ್ಕಿಂತ, ಕಲ್ಲನ್ನು ಅದು ಹುಟ್ಟಿದ ಸ್ಥಳದಲ್ಲಿಯೇ ಕೈಯಿಂದ ಮುಟ್ಟಿ ತಿಳಿಯಬಯಸುವ ಕುಟುಂಬಗಳಿಗೆ ಮತ್ತು ಶಾಲಾ ತಂಡಗಳಿಗೆ ಈ ಪ್ರದೇಶವು ಒಂದು ಬಯಲು ವಸ್ತುಸಂಗ್ರಹಾಲಯವೇ ಆಗಿದೆ. ಹೋಗುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ನೀಡಲಾಗಿದೆ.

ಕಲ್ಲನ್ನು ಓದುವ ಬಗೆ

ಕೋಲಾರದ ಶಿಲಾಪಟ್ಟಿಯು ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅಗಲ ಹೆಚ್ಚಿನ ಕಡೆ 3 ರಿಂದ 4 ಕಿಲೋಮೀಟರ್ ಮಾತ್ರ. ಇದರ ಎರಡೂ ಬದಿಗೆ ನಸುಬೂದು ಬಣ್ಣದ ಗ್ರಾನೈಟ್ ಹಾಗೂ ನೈಸ್ ಶಿಲೆಗಳಿವೆ. ಮಧ್ಯದ ಕಪ್ಪುಹಸಿರು ಕಲ್ಲು ಸುಮಾರು 270 ಕೋಟಿ ವರ್ಷಗಳ ಹಿಂದೆ ಲಾವಾ ರೂಪದಲ್ಲಿ ಉಕ್ಕಿ ಬಂದದ್ದು. ಆ ಲಾವಾ ಒಣನೆಲದ ಮೇಲೆ ಹರಿಯದೆ ನೀರಿನ ಅಡಿಯಲ್ಲಿ ಹೊರಬಂದಿತು ಎಂಬುದಕ್ಕೆ ಅದರ ಆಕಾರವೇ ಸಾಕ್ಷಿ.

ಕಾದ ಲಾವಾ ನೀರನ್ನು ಮುಟ್ಟಿದ ಕೂಡಲೇ ಅದರ ಹೊರಮೈ ತಣಿದು ಗಟ್ಟಿಯಾದ ಸಿಪ್ಪೆಯಾಗುತ್ತದೆ. ಒಳಗಿನ ಕರಗಿದ ಕಲ್ಲು ಆ ಸಿಪ್ಪೆಯನ್ನು ಒಡೆದು ಮತ್ತೊಂದು ಉಬ್ಬಾಗಿ ಹೊರಬರುತ್ತದೆ; ಅದೂ ತಣಿಯುತ್ತದೆ. ಹೀಗೆ ಒಂದರ ಮೇಲೊಂದು ಪೇರಿಸಿದ ತಲೆದಿಂಬುಗಳಂತೆ ರಾಶಿ ಬೀಳುವುದರಿಂದ ಇದಕ್ಕೆ ದಿಂಬಿನಾಕಾರದ ಲಾವಾ ಎಂದು ಹೆಸರು. ಪ್ರತಿ ದಿಂಬಿನ ಮೇಲ್ಭಾಗ ಗುಂಡಗೆ ಉಬ್ಬಿದ್ದು, ಕೆಳಭಾಗ ತನ್ನ ಅಡಿಯ ಎರಡು ದಿಂಬುಗಳ ನಡುವಿನ ಸಂದಿಗೆ ಇಳಿದು ಚೂಪಾಗಿರುತ್ತದೆ. ಬಂಡೆ ಎಷ್ಟೇ ಮಗುಚಿದ್ದರೂ ಮೂಲದಲ್ಲಿ ಯಾವ ದಿಕ್ಕು ಮೇಲಿತ್ತು ಎಂಬುದನ್ನು ಇದರಿಂದ ಹೇಳಬಹುದು. ದಿಂಬಿನ ಅಂಚನ್ನು ಬೆರಳಿನಿಂದ ಸವರಿದರೆ ಕಣಗಳು ನುಣುಪಾಗಿಯೂ, ನಡುವಿಗೆ ಬಂದಂತೆ ತುಸು ದಪ್ಪವಾಗಿಯೂ ತೋರುತ್ತವೆ. ಬೇಗ ತಣಿದುದಕ್ಕೂ ನಿಧಾನವಾಗಿ ತಣಿದುದಕ್ಕೂ ಇರುವ ವ್ಯತ್ಯಾಸವಿದು.

ಕೋಲಾರದ ಶಿಲೆಗಳು ಹುಟ್ಟಿದಂತೆಯೇ ಉಳಿದಿಲ್ಲ ಎಂಬುದನ್ನು ಸಂದರ್ಶಕರು ಮುಖ್ಯವಾಗಿ ಗಮನಿಸಬೇಕು. ಭೂಗರ್ಭದ ಶಾಖ ಮತ್ತು ಒತ್ತಡಕ್ಕೆ ಸಿಲುಕಿ ಲಾವಾ ಆಂಫಿಬೊಲೈಟ್ ಎಂಬ ಗಡಸು ಶಿಲೆಯಾಗಿ ಮಾರ್ಪಟ್ಟಿದೆ. ಪದರಗಳು ಬಹುತೇಕ ನೆಟ್ಟಗೆ ನಿಂತಿವೆ. ದಿಂಬುಗಳು ಅನೇಕ ಕಡೆ ಜಗ್ಗಿ ಉದ್ದವಾಗಿವೆ. ಪುಸ್ತಕದ ಚಿತ್ರದಲ್ಲಿರುವಂತಹ ಅಚ್ಚುಕಟ್ಟಾದ ದಿಂಬನ್ನು ನಿರೀಕ್ಷಿಸಿ ಬಂದವರು ಮೊದಲ ನೋಟಕ್ಕೆ ನಿರಾಶರಾಗಬಹುದು. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿದರೆ, ಇಲ್ಲವೇ ಬಂಡೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಅಂಚುಗಳು ಸ್ಪಷ್ಟವಾಗುತ್ತವೆ.

ಪೆದ್ದಪಲ್ಲಿಯ ಸ್ಮಾರಕದಲ್ಲಿ ಪೈರೋಕ್ಲಾಸ್ಟಿಕ್ ಎಂದು ಕರೆಯಲಾಗುವ ಇನ್ನೊಂದು ಬಗೆಯ ಶಿಲೆಯೂ ಇದೆ. ಇದು ಜ್ವಾಲಾಮುಖಿಯು ಸಿಡಿದು ಚೆಲ್ಲಿದ ಚೂರುಗಳಿಂದಾದುದು. ನುಣುಪಾದ ಹಿಟ್ಟಿನಂತಹ ಶಿಲೆಯೊಳಗೆ ಬೇರೆ ಬೇರೆ ಗಾತ್ರದ ಕಲ್ಲಿನ ತುಂಡುಗಳು ಹುದುಗಿರುವುದನ್ನು ಮಕ್ಕಳು ಸಹ ಸುಲಭವಾಗಿ ಗುರುತಿಸಬಲ್ಲರು. ಯಾವ ತುಂಡಿನ ಅಂಚು ಮೊನಚಾಗಿದೆ, ಯಾವುದರ ಅಂಚು ಸವೆದಿದೆ, ಎಷ್ಟು ಬಣ್ಣಗಳಿವೆ ಎಂದು ಎಣಿಸಿ ಬರೆದುಕೊಳ್ಳುವುದು ಶಾಲಾ ತಂಡಗಳಿಗೆ ಉತ್ತಮ ಅಭ್ಯಾಸವಾಗುತ್ತದೆ.

ಕಲ್ಲಿನಿಂದ ಚಿನ್ನಕ್ಕೆ

ಈ ಹಳೆಯ ಶಿಲೆಗಳ ಬಿರುಕುಗಳಲ್ಲಿ ಭೂಗರ್ಭದ ಬಿಸಿನೀರು ಹರಿದಾಗ ಅದರಲ್ಲಿ ಕರಗಿದ್ದ ಚಿನ್ನವು ಬಿಳಿಯ ಬೆಣಚುಕಲ್ಲಿನೊಡನೆ ಗಟ್ಟಿಯಾಯಿತು. ಚಾಂಪಿಯನ್ ರೀಫ್ ಎಂಬ ಹೆಸರಾಂತ ಸಿರವು ಇಂತಹ ಬೆಣಚುಕಲ್ಲಿನದೇ. ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಉಕ್ಕಿನ ಮೊಳೆಯಿಂದ ಗೀರು ಬೀಳುವುದಿಲ್ಲ. ಹೊಳೆಯುವುದೆಲ್ಲ ಚಿನ್ನವೆಂದು ನಂಬುವವರಿಗೆ ಇನ್ನೊಂದು ಪರೀಕ್ಷೆ: ಚಿನ್ನವನ್ನು ಕುಟ್ಟಿದರೆ ತಗಡಿನಂತೆ ಚಪ್ಪಟೆಯಾಗುತ್ತದೆ, ಚಿನ್ನದಂತೆ ಕಾಣುವ ಪೈರೈಟ್ ಪುಡಿಯಾಗುತ್ತದೆ, ಒರಟು ಬಿಲ್ಲೆಯ ಮೇಲೆ ಉಜ್ಜಿದರೆ ಕಪ್ಪು ಗೆರೆ ಮೂಡಿಸುತ್ತದೆ. ಈ ಪರೀಕ್ಷೆಗಳನ್ನು ಶಾಲೆಯ ಪ್ರಯೋಗಾಲಯದ ಮಾದರಿಗಳ ಮೇಲೆ ಮಾಡತಕ್ಕದ್ದು. ಸ್ಮಾರಕದ ಬಂಡೆಯ ಮೇಲಲ್ಲ.

ಇಲ್ಲಿನ ಗ್ರಾಮಸ್ಥರು ಮಣ್ಣನ್ನು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಕಂಡು ವರದಿ ಮಾಡಿದ್ದನು. ಆ ವರದಿಯನ್ನು ಓದಿದ ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕನು 1871ರಲ್ಲಿ ಈ ಪ್ರದೇಶಕ್ಕೆ ಬಂದು, 1875ರಲ್ಲಿ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದನು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಾರಿಕೆಯನ್ನು ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರಕ್ಕೆ ತಂತಿ ಎಳೆದು ಈ ಗಣಿಗಳಿಗೆ ವಿದ್ಯುತ್ ಒದಗಿಸಲಾಯಿತು.

ಚಾಂಪಿಯನ್ ರೀಫ್ ಗಣಿಯು ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದು, ತನ್ನ ಕಾಲದಲ್ಲಿ ಲೋಕದ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್‌ಗೂ ಮೀರುತ್ತಿತ್ತು. ಒತ್ತಡಕ್ಕೊಳಗಾದ ಬಂಡೆಯು ಇದ್ದಕ್ಕಿದ್ದಂತೆ ಸಿಡಿಯುವ ಅಪಾಯವೂ ಇತ್ತು. ನೆಲದ ಮೇಲಿನ ಮನೆಗಳಿಗೂ ಆ ನಡುಕ ತಿಳಿಯುತ್ತಿತ್ತು. ಕೆಲಸಗಾರರಲ್ಲಿ ಬಹುಪಾಲು ಜನರು ಉತ್ತರ ಆರ್ಕಾಟ್, ಸೇಲಂ ಮತ್ತು ಚಿತ್ತೂರು ಕಡೆಯಿಂದ ಬಂದವರು. ಗಣಿಯ ಧೂಳಿನಿಂದ ಶ್ವಾಸಕೋಶದ ಸಿಲಿಕೋಸಿಸ್ ಕಾಯಿಲೆಗೆ ತುತ್ತಾದವರು ಅನೇಕರು. ಈ ಪ್ರದೇಶದಿಂದ ಒಟ್ಟು 800 ಟನ್‌ಗೂ ಹೆಚ್ಚು ಚಿನ್ನ ಹೊರಬಂದಿದೆ ಎಂಬ ಲೆಕ್ಕವನ್ನು ಓದುವಾಗ ಈ ಜನರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ನ್ಯಾಯ.

ಇದೇ ಗಣಿಯ ಆಳವು ವಿಜ್ಞಾನಕ್ಕೂ ನೆರವಾಯಿತು. ಸುಮಾರು 2.3 ಕಿಲೋಮೀಟರ್ ಆಳದಲ್ಲಿ ನಡೆಸಲಾದ ಪ್ರಯೋಗದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಹಾಗೂ ಜಪಾನ್ ಮತ್ತು ಬ್ರಿಟನ್‌ನ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು 1965ರಲ್ಲಿ ಪತ್ತೆಹಚ್ಚಿದರು.

ಗಣಿಗಳನ್ನು 1956ರಲ್ಲಿ ಮೈಸೂರು ಸರ್ಕಾರವು ರಾಷ್ಟ್ರೀಕರಣಗೊಳಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹಸ್ತಾಂತರವಾಗಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಸ್ವರೂಪ ಪಡೆದವು. 2001ರಲ್ಲಿ ಗಣಿಗಳನ್ನು ಮುಚ್ಚಲಾಯಿತು. ಆದ್ದರಿಂದ ಗಣಿಯೊಳಗೆ ಇಳಿದು ನೋಡುವ ಅವಕಾಶವಿಲ್ಲ. 2018ರಲ್ಲಿ ತೆರೆಕಂಡ ಚಲನಚಿತ್ರದ ಗಣಿಯನ್ನು ಹುಡುಕಿಕೊಂಡು ಬರುವವರಿಗೂ ಅದು ಇಲ್ಲಿ ದೊರೆಯದು. ಇಲ್ಲಿ ನಡೆದದ್ದು ಬೇರೆಯ ಕಥೆ.

ಸೈನೈಡ್ ದಿಬ್ಬಗಳು: ಎಚ್ಚರಿಕೆ

ಕೆ.ಜಿ.ಎಫ್. ತಲುಪುವಾಗ ದೂರದಿಂದಲೇ ಕಾಣುವ ಬೂದುಬಣ್ಣದ ಚಪ್ಪಟೆ ಗುಡ್ಡಗಳು ಪ್ರಕೃತಿಯಿಂದಾದವಲ್ಲ. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳಿವು. ಇವುಗಳ ಪ್ರಮಾಣ ಸುಮಾರು 3.3 ಕೋಟಿ ಟನ್ ಎಂದು ಅಂದಾಜಿಸಲಾಗಿದೆ. ಕಡಲತೀರದ ಮರಳುದಿಬ್ಬದಂತೆ ಕಾಣುವುದರಿಂದ ಮಕ್ಕಳಿಗೆ ಇದರ ಮೇಲೆ ಹತ್ತಿ ಜಾರುವ ಆಸೆಯಾಗುವುದು ಸಹಜ. ಪೋಷಕರು ಮತ್ತು ಶಿಕ್ಷಕರು ಇದಕ್ಕೆ ಯಾವ ಕಾರಣಕ್ಕೂ ಅವಕಾಶ ನೀಡಬಾರದು. ಈ ಪುಡಿಯ ಕಣಗಳು ಬಹು ಸಣ್ಣವಾದ್ದರಿಂದ ಉಸಿರಿನೊಂದಿಗೆ ಶ್ವಾಸಕೋಶ ಸೇರುತ್ತವೆ. ಮಳೆನೀರು ಕೊರೆದ ಇಳಿಜಾರುಗಳು ತುಳಿದರೆ ಕುಸಿಯಬಹುದು. ಗಾಳಿ ಜೋರಾಗಿ ಬೀಸುವ ದಿನಗಳಲ್ಲಿ ದಿಬ್ಬಗಳ ಬಳಿ ನಿಲ್ಲದಿರುವುದು ಕ್ಷೇಮ. ದಿಬ್ಬದ ಪಕ್ಕದಲ್ಲಿಯೇ ವಾಸಿಸುವ ಕುಟುಂಬಗಳಿಗೆ ಈ ಆಯ್ಕೆ ಇಲ್ಲ ಎಂಬುದನ್ನೂ ಸಂದರ್ಶಕರು ಗಮನಿಸುವುದು ಒಳ್ಳೆಯದು.

ಹಳೆಯ ಗಣಿಬಾವಿಗಳ ಸುತ್ತಲಿನ ಜಾಗದಲ್ಲಿ ಪೊದೆಗಳನ್ನು ದಾಟಿ ಒಳಗೆ ಹೋಗಬಾರದು. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಗೆ ಸೇರಿದ ಆವರಣ ಹಾಗೂ ಕಟ್ಟಡಗಳನ್ನು ಅನುಮತಿಯಿಲ್ಲದೆ ಪ್ರವೇಶಿಸತಕ್ಕದ್ದಲ್ಲ.

ಮುಟ್ಟಬಹುದು, ಒಯ್ಯಬಾರದು

ಸ್ಮಾರಕದ ಬಂಡೆಗಳನ್ನು ಮುಟ್ಟಲು, ಅಳೆಯಲು, ಚಿತ್ರ ಬರೆಯಲು ಅಡ್ಡಿಯಿಲ್ಲ. ಸುತ್ತಿಗೆ ಹಾಗೂ ಉಳಿಯನ್ನು ತರಬಾರದು. ಬಣ್ಣದಿಂದ ಹೆಸರು ಬರೆಯಬಾರದು. ಸಡಿಲವಾಗಿ ಬಿದ್ದಿರುವ ಚೂರನ್ನು ಸಹ ಜೇಬಿಗೆ ಹಾಕಿಕೊಳ್ಳಬಾರದು. ಒಬ್ಬ ವಿದ್ಯಾರ್ಥಿ ಒಯ್ಯುವ ಒಂದು ಚೂರು ಸಣ್ಣದೆನಿಸಬಹುದು, ಆದರೆ ವರ್ಷಕ್ಕೆ ಹತ್ತಾರು ತಂಡಗಳು ಬಂದರೆ ದಿಂಬಿನ ಅಂಚೇ ಇಲ್ಲವಾಗುತ್ತದೆ. ಇಂತಹ ತಾಣಗಳ ರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯವು 2022ರ ಡಿಸೆಂಬರ್‌ನಲ್ಲಿ ಕರಡು ಮಸೂದೆಯೊಂದನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತ್ತು. ಕಲ್ಲುಗಣಿ, ರಸ್ತೆ ಅಥವಾ ನಿವೇಶನದ ಕೆಲಸದಿಂದ ಸ್ಮಾರಕಕ್ಕೆ ಹಾನಿಯಾಗುತ್ತಿರುವುದು ಕಂಡುಬಂದಲ್ಲಿ, ಸ್ಥಳ, ದಿನಾಂಕ ಮತ್ತು ಛಾಯಾಚಿತ್ರದೊಂದಿಗೆ ತಹಶೀಲ್ದಾರರ ಕಚೇರಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಕೆ.ಜಿ.ಎಫ್. 2018ರಿಂದ ಪ್ರತ್ಯೇಕ ತಾಲ್ಲೂಕಾಗಿದ್ದು, ಅದಕ್ಕೆ ಮೊದಲು ಬಂಗಾರಪೇಟೆ ತಾಲ್ಲೂಕಿಗೆ ಸೇರಿತ್ತು. ಹಳೆಯ ದಾಖಲೆಗಳಲ್ಲಿ ಹುಡುಕುವವರು ಇದನ್ನು ಗಮನದಲ್ಲಿಡಬೇಕು.

ತಲುಪುವ ಬಗೆ

ಬಂಗಾರಪೇಟೆಯು ಬೆಂಗಳೂರು–ಚೆನ್ನೈ ರೈಲು ಮಾರ್ಗದ ಜಂಕ್ಷನ್. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಿಂದ ಇದಕ್ಕೆ ಹಿಂದೆ ಬೌರಿಂಗ್‌ಪೇಟೆ ಎಂಬ ಹೆಸರಿತ್ತು. ಇಲ್ಲಿಂದ ಮಾರಿಕುಪ್ಪಂಗೆ ಕವಲು ಮಾರ್ಗವಿದ್ದು, ಊರಿಗಾಂ, ಚಾಂಪಿಯನ್, ಕೋರಮಂಡಲ್ ನಿಲ್ದಾಣಗಳು ಗಣಿಗಳ ಹೆಸರನ್ನೇ ಹೊತ್ತಿವೆ. ಕಡಲ ತೀರದ ಹೆಸರೊಂದು ಈ ಒಣನೆಲಕ್ಕೆ ಬಂದದ್ದು ಗಣಿ ಕಂಪನಿಯಿಂದ. ಗಣಿ ಮುಚ್ಚಿದ ನಂತರ ಸಾವಿರಾರು ಜನರು ಇದೇ ಮಾರ್ಗದಲ್ಲಿ ಕೆಲಸಕ್ಕಾಗಿ ನಿತ್ಯ ಬೆಂಗಳೂರಿಗೆ ಹೋಗಿಬರುತ್ತಾರೆ. ಆದ್ದರಿಂದ ಬೆಳಗಿನ ಬೆಂಗಳೂರು ಕಡೆಯ ಹಾಗೂ ಸಂಜೆಯ ಮರಳುವ ರೈಲುಗಳಲ್ಲಿ ಶಾಲಾ ತಂಡಗಳಿಗೆ ಸ್ಥಳ ಸಿಗುವುದು ಕಷ್ಟ. ಅದಕ್ಕೆ ಎದುರು ದಿಕ್ಕಿನ ಪ್ರಯಾಣ ಅನುಕೂಲಕರ. ಬೆಂಗಳೂರಿನಿಂದ ರಸ್ತೆಯ ಮೂಲಕ ಸುಮಾರು 100 ಕಿಲೋಮೀಟರ್, ಕೋಲಾರದಿಂದ ಸುಮಾರು 30 ಕಿಲೋಮೀಟರ್. ಬಯಲು ಬಂಡೆಯ ಮೇಲೆ ನೆರಳಿಲ್ಲದಿರುವುದರಿಂದ ಕುಡಿಯುವ ನೀರು, ಟೋಪಿ ಹಾಗೂ ಗಟ್ಟಿ ಅಟ್ಟೆಯ ಪಾದರಕ್ಷೆ ಅವಶ್ಯ. ಬೇಸಿಗೆಯ ಮಧ್ಯಾಹ್ನವನ್ನು ತಪ್ಪಿಸುವುದು ಮೇಲು.

ಭೂವಿಜ್ಞಾನಿಗಳ ಮಾರ್ಗದರ್ಶನ ಬಯಸುವ ಶಾಲಾ ಕಾಲೇಜುಗಳು ಭೇಟಿಯ ಉದ್ದೇಶ, ದಿನಾಂಕ, ವಿದ್ಯಾರ್ಥಿಗಳ ಸಂಖ್ಯೆ ಮತ್ತು ಹೊಣೆಗಾರ ಶಿಕ್ಷಕರ ವಿವರಗಳೊಂದಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಬೆಂಗಳೂರಿನ ಕಚೇರಿಗೆ ಸಾಕಷ್ಟು ಮುಂಚಿತವಾಗಿ ಪತ್ರ ಬರೆಯಬಹುದು.

ರಾಜ್ಯದ ಇತರೆ ಸ್ಮಾರಕಗಳು

ದಿಂಬಿನಾಕಾರದ ಲಾವಾವನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಬಯಸುವವರು ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬೇಕು; ಅಲ್ಲಿಯ ದಿಂಬುಗಳು ಕೋಲಾರದವುಗಳಷ್ಟು ರೂಪಗೆಟ್ಟಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ನಿಜವಾದ ಕಡಲತೀರದಲ್ಲಿಯೇ ಇರುವ ಸ್ಮಾರಕವೆಂದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಅಲ್ಲಿನ ಕಂಬದಾಕಾರದ ಲಾವಾಶಿಲೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ ಉಂಟಾದವು. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಸಂಚಾರವನ್ನು ನಿಲ್ಲಿಸಲಾಗುವುದರಿಂದ ಆ ತಿಂಗಳುಗಳನ್ನು ಬಿಟ್ಟು ಪ್ರವಾಸವನ್ನು ಗೊತ್ತುಪಡಿಸಿಕೊಳ್ಳತಕ್ಕದ್ದು.