ಶಿಲಾ ಸ್ಮಾರಕಗಳ ಜೈವಿಕ ಸವೆತ

ಪೀಠಿಕೆ

ಜೀವಿಗಳ ಬೆಳವಣಿಗೆಯಿಂದ ಶಿಲೆಯು ಸಡಿಲಗೊಂಡು ನಶಿಸುವುದನ್ನು ಜೈವಿಕ ಸವೆತ ಎನ್ನಲಾಗುತ್ತದೆ. ಕಡಲತೀರದಲ್ಲಿ ಕೆಲವು ಚಿಪ್ಪುಜೀವಿಗಳು ಹಾಗೂ ಸ್ಪಂಜುಗಳು ಬಂಡೆಯನ್ನು ಕೊರೆಯುತ್ತವೆ. ಒಳನಾಡಿನಲ್ಲಿ ಪಾಚಿ, ಕಲ್ಲುಹೂವು ಹಾಗೂ ಮರದ ಬೇರುಗಳು ಶಿಲೆಯನ್ನು ಸವೆಸುತ್ತವೆ. ದೇವಾಲಯ, ವೀರಗಲ್ಲು ಹಾಗೂ ಶಾಸನಗಳಿಂದ ಸಮೃದ್ಧವಾದ ಹಾಸನ ಜಿಲ್ಲೆಗೆ ಈ ವಿಷಯವು ಮಹತ್ವದ್ದಾಗಿದೆ.

ಸವೆತದ ವಿಧಾನ

1. ಪಾಚಿ: ಮಳೆಗಾಲದಲ್ಲಿ ಹಸಿರಾಗಿ ಬೆಳೆದು ಬೇಸಿಗೆಯಲ್ಲಿ ಕಪ್ಪಾಗುತ್ತದೆ, ಶಿಲೆಯ ಮೇಲೆ ತೇವವನ್ನು ಹಿಡಿದಿಡುತ್ತದೆ.

2. ಕಲ್ಲುಹೂವು: ಇದು ಶಿಲೀಂಧ್ರ ಮತ್ತು ಪಾಚಿಗಳ ಸಹಜೀವನ. ಇದು ಸ್ರವಿಸುವ ಆಕ್ಸಾಲಿಕ್ ಮುಂತಾದ ಆಮ್ಲಗಳು ಖನಿಜಗಳನ್ನು ಕರಗಿಸುತ್ತವೆ. ಇದರ ಸೂಕ್ಷ್ಮ ಎಳೆಗಳು ಕಲ್ಲಿನ ಕಣಗಳ ನಡುವೆ ಇಳಿದು, ನೆನೆದಾಗ ಹಿಗ್ಗಿ ಒಣಗಿದಾಗ ಕುಗ್ಗುತ್ತವೆ. ಇದರಿಂದ ಮೇಲ್ಪದರವು ಹುಡಿಯಾಗುತ್ತದೆ.

3. ಬೇರುಗಳು: ಹಕ್ಕಿ ಹಾಗೂ ಬಾವಲಿಗಳ ಹಿಕ್ಕೆಯ ಮೂಲಕ ಅರಳಿ, ಆಲ, ಅತ್ತಿಯ ಬೀಜಗಳು ಕಲ್ಲಿನ ಸಂದುಗಳನ್ನು ಸೇರುತ್ತವೆ. ಬೇರು ದಪ್ಪವಾದಂತೆ ಕಲ್ಲುಗಳು ಸ್ಥಾನಪಲ್ಲಟಗೊಂಡು, ಮಳೆನೀರು ಒಳಗೆ ಇಳಿಯುತ್ತದೆ.

ಜಿಲ್ಲೆಯ ಸ್ಮಾರಕಗಳು

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟ ಮೂರ್ತಿಯು ಸಾವಿರ ವರ್ಷಗಳಿಗೂ ಮೀರಿ ಬಯಲಿನಲ್ಲಿ ನಿಂತಿದೆ. ಅದರ ಶಿಲೆ ಗಟ್ಟಿಯಾದ ಗ್ರಾನೈಟ್. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣವಾದ ಲಕ್ಷ್ಮೀನರಸಿಂಹ ದೇವಾಲಯವು ಮೃದುವಾದ ಬಳಪದ ಕಲ್ಲಿನದು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರು ಸೇರಿದಂತೆ ಜಿಲ್ಲೆಯ ಹೋಬಳಿಗಳ ಗ್ರಾಮಗಳಲ್ಲಿ ಹೊಲದ ಬದುವಿನ ಮೇಲೋ ಕೆರೆಯ ಏರಿಯ ಮೇಲೋ ಶಾಸನ ಅಥವಾ ವೀರಗಲ್ಲು ಕಂಡುಬಂದಲ್ಲಿ, ಅದರ ಅಕ್ಷರಗಳ ಆಳ ಅತ್ಯಲ್ಪವೆಂಬುದನ್ನು ಗಮನಿಸತಕ್ಕದ್ದು. ಮೇಲ್ಪದರ ಉದುರಿದರೆ ಅಕ್ಷರವೂ ಹೋಗುತ್ತದೆ. ದಾನದ ವಿವರ, ಊರಿನ ಹಳೆಯ ಹೆಸರು, ಮಡಿದ ವೀರನ ಹೆಸರು ಮತ್ತೆ ದೊರೆಯುವುದಿಲ್ಲ. ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 5ನೇ ಸಂಪುಟದಲ್ಲಿ ಜಿಲ್ಲೆಯ ಶಾಸನಗಳ ಪಾಠವನ್ನು ಪ್ರಕಟಿಸಿದರು. ಅಂತಹ ದಾಖಲೆಗೆ ಸೇರದ ಕಲ್ಲಿಗೆ ಕಲ್ಲೇ ಏಕೈಕ ಪ್ರತಿ.

ಸಂರಕ್ಷಣೆ

ತಜ್ಞರು ದುರ್ಬಲ ಅಮೋನಿಯಾ ದ್ರಾವಣ ಹಾಗೂ ನೈಲಾನ್ ಬ್ರಷ್‌ಗಳಿಂದ ಬೆಳವಣಿಗೆಯನ್ನು ತೆಗೆದು, ಜೀವನಾಶಕವನ್ನು ಲೇಪಿಸುತ್ತಾರೆ. ಬಲಿತ ಮರವನ್ನು ಎಳೆದು ಕೀಳದೆ, ಬುಡವನ್ನು ಕತ್ತರಿಸಿ ಬೇರನ್ನು ಸಾಯಿಸಿದ ನಂತರವೇ ಕಲ್ಲುಗಳನ್ನು ಬಿಚ್ಚಿ ಮರುಜೋಡಿಸಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ

• ಕಲ್ಲುಹೂವನ್ನು ಚಾಕು, ತಂತಿ ಬ್ರಷ್ ಅಥವಾ ಮರಳುಕಾಗದದಿಂದ ಉಜ್ಜಬಾರದು. ಅದರೊಂದಿಗೆ ಕಲ್ಲಿನ ಕಣಗಳೂ ಕಿತ್ತುಬರುತ್ತವೆ.

• ಆಸಿಡ್, ಸುಣ್ಣ ಹಾಗೂ ಬಣ್ಣವನ್ನು ಬಳಸಬಾರದು.

• ಚಾವಣಿಯ ನೀರು ಹರಿದುಹೋಗಲು ಅಡ್ಡಿಯಾಗುವ ಎಲೆ ಹಾಗೂ ಮಣ್ಣನ್ನು ತೆರವುಗೊಳಿಸುವಂತೆ ಸ್ಮಾರಕದ ಪಾಲಕರ ಗಮನಕ್ಕೆ ತರುವುದು.

• ಸಸಿ ಅಥವಾ ಬಿರುಕು ಕಂಡಲ್ಲಿ ಕೂಡಲೇ ಪುರಾತತ್ವ ಇಲಾಖೆಗೆ ಅಥವಾ ತಹಶೀಲ್ದಾರರಿಗೆ ತಿಳಿಸುವುದು. ಗೇಣುದ್ದದ ಸಸಿಯನ್ನು ತೆಗೆಯುವುದು ಸುಲಭ; ಮರವಾದ ಮೇಲೆ ಗೋಡೆಯನ್ನೇ ಬಿಚ್ಚಬೇಕಾಗುತ್ತದೆ.

ರಾಷ್ಟ್ರೀಯ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಉಂಟುಮಾಡುವುದು 1958ರ ಕೇಂದ್ರ ಕಾಯ್ದೆಯಡಿ ಶಿಕ್ಷಾರ್ಹ ಅಪರಾಧವಾಗಿದೆ. ಸ್ಮಾರಕಗಳ ರಕ್ಷಣೆಗೆ ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.