ಔಷಧದ ಬೇಡಿಕೆಯಲ್ಲಿ ಸಿಕ್ಕ ಸುಳಿವು

ನಿಮ್ಮ ಚರ್ಮ, ಬಾಯಿ, ಕರುಳುಗಳಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲೆಸಿವೆ. ಆರೋಗ್ಯವಂತರಿಗೆ ಅವುಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ದೇಹದ ರೋಗನಿರೋಧಕ ಶಕ್ತಿ ಕುಗ್ಗಿದರೆ ಮಾತ್ರ ಇಂಥ ನಿರುಪದ್ರವಿಗಳಲ್ಲೂ ಕೆಲವು ಮಾರಕವಾಗುತ್ತವೆ. ಇವೇ ಸಮಯಸಾಧಕ ಸೋಂಕುಗಳು. ಇವುಗಳಲ್ಲಿ ಶ್ವಾಸಕೋಶಕ್ಕೆ ಎರಗುವ ನ್ಯೂಮೊಸಿಸ್ಟಿಸ್‌ನ ಚರಿತ್ರೆಯನ್ನು ನೀವು ತಿಳಿಯಲೇಬೇಕು.

1909ರಲ್ಲಿ ಬ್ರೆಜಿಲ್‌ನ ಕಾರ್ಲೋಸ್ ಚಾಗಸ್ ಟ್ರಿಪನೊಸೋಮ ಎಂಬ ಪರೋಪಜೀವಿಯನ್ನು ಅಭ್ಯಸಿಸುತ್ತಿದ್ದರು. ಸೋಂಕು ತಗುಲಿದ ಗಿನಿಯಿಲಿಗಳ ಶ್ವಾಸಕೋಶದಲ್ಲಿ ಅವರಿಗೆ ಪುಟ್ಟ ಕೋಶಗಳು ಕಂಡವು. ಅವು ಟ್ರಿಪನೊಸೋಮದ್ದೇ ಒಂದು ಹಂತವೆಂದು ಅವರು ತಿಳಿದರು. ಅಂಟೋನಿಯೊ ಕಾರಿನಿ ಇಲಿಗಳಲ್ಲಿ ಇವನ್ನೇ ಕಂಡರು. 1912ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಡೆಲನೋಯಿ ದಂಪತಿಗಳು, ಟ್ರಿಪನೊಸೋಮವೇ ಇಲ್ಲದ ಚರಂಡಿ ಇಲಿಗಳಲ್ಲೂ ಈ ಕೋಶಗಳಿರುವುದನ್ನು ತೋರಿಸಿ, ಇದೊಂದು ಬೇರೆಯೇ ಜೀವಿ ಎಂದು ಸಾರಿದರು. ಆಮೇಲೆ ಬಹುಕಾಲ ಇದರತ್ತ ಯಾರೂ ಹೆಚ್ಚು ಗಮನ ಕೊಡಲಿಲ್ಲ.

ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಯೂರೋಪಿನ ಅನಾಥಾಲಯಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ, ಪೋಷಣೆಯಿಲ್ಲದೆ ಸೊರಗಿದ ಹಸುಳೆಗಳು ಒಂದು ಬಗೆಯ ನ್ಯುಮೋನಿಯದಿಂದ ಸಾಯತೊಡಗಿದವು. ಅದಕ್ಕೆ ಕಾರಣ ಈ ಜೀವಿಯೇ ಎಂದು 1950ರ ದಶಕದ ಆರಂಭದಲ್ಲಿ ಚೆಕ್ ವಿಜ್ಞಾನಿಗಳಾದ ವಾನ್ಯೆಕ್ ಮತ್ತು ಯೀರೊವೆಟ್ಸ್ ತೋರಿಸಿದರು. ಆಫ್ರಿಕದ ನಿದ್ರಾರೋಗಕ್ಕೆ ಬಳಸುತ್ತಿದ್ದ ಪೆಂಟಮಿಡಿನ್ ಇದಕ್ಕೂ ಮದ್ದಾಯಿತು.

ಅಮೆರಿಕದಲ್ಲಿ ಈ ಔಷಧ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಬೇಕಾದ ವೈದ್ಯರು ಅಟ್ಲಾಂಟದ ರೋಗ ನಿಯಂತ್ರಣ ಕೇಂದ್ರದಿಂದಲೇ ತರಿಸಿಕೊಳ್ಳಬೇಕಿತ್ತು. ಕೇಳುತ್ತಿದ್ದದ್ದು ಹೆಚ್ಚಾಗಿ ರಕ್ತದ ಕ್ಯಾನ್ಸರ್ ರೋಗಿಗಳಿಗೆ, ಇಲ್ಲವೆ ಬದಲಿ ಅಂಗ ಜೋಡಿಸಿಕೊಂಡವರಿಗೆ. 1981ರಲ್ಲಿ ಅಲ್ಲಿ ಔಷಧ ವಿತರಣೆ ನೋಡಿಕೊಳ್ಳುತ್ತಿದ್ದ ಸ್ಯಾಂಡ್ರಾ ಫೋರ್ಡ್, ಅಂಥ ಯಾವ ಕಾರಣವೂ ಇಲ್ಲದ ಯುವಕರಿಗಾಗಿ ಬೇಡಿಕೆ ಬರುತ್ತಿರುವುದನ್ನು ಗಮನಿಸಿ ಮೇಲಧಿಕಾರಿಗೆ ತಿಳಿಸಿದರು. ಆಕೆ ವಿಜ್ಞಾನಿಯಲ್ಲ, ತಂತ್ರಜ್ಞೆ. ಅದೇ ವರ್ಷ ಜೂನ್ 5ರಂದು ಕೇಂದ್ರದ ವಾರಪತ್ರಿಕೆ, ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಈ ನ್ಯುಮೋನಿಯ ಕಂಡದ್ದನ್ನು ವರದಿಮಾಡಿತು; ಇಬ್ಬರು ಅಷ್ಟರಲ್ಲೇ ತೀರಿಕೊಂಡಿದ್ದರು. ಏಡ್ಸ್ ಕುರಿತ ಮೊದಲ ವೈದ್ಯಕೀಯ ವರದಿಯಿದು. ವೈರಸ್ ಪತ್ತೆಯಾದದ್ದು 1983ರಲ್ಲಿ, ಅದೇ ಪಾಶ್ಚರ್ ಸಂಸ್ಥೆಯಲ್ಲಿ! ಕಳ್ಳನಿಗಿಂತ ಮೊದಲು, ಅವನು ತೆರೆದಿಟ್ಟುಹೋದ ಬಾಗಿಲಿನಿಂದ ಒಳನುಗ್ಗಿದವನು ಸಿಕ್ಕಿಬಿದ್ದಿದ್ದ.

ಇಷ್ಟಾದರೂ ನ್ಯೂಮೊಸಿಸ್ಟಿಸ್ ಎಂಥ ಜೀವಿಯೆಂಬುದು ಇತ್ಯರ್ಥವಾಗಿರಲಿಲ್ಲ. ಪ್ರೋಟೋಜೋವಗಳ ಮದ್ದಿಗೆ ಅದು ಬಗ್ಗುತ್ತಿತ್ತು. ಶಿಲೀಂಧ್ರನಾಶಕಗಳು ಬಹುಪಾಲು ನಾಟುತ್ತಿರಲಿಲ್ಲ. ಆದರೆ 1988ರಲ್ಲಿ ಅದರ ರೈಬೋಸೋಮ್ ಆರ್‌ಎನ್‌ಎ ಹೋಲಿಸಿ ನೋಡಿದಾಗ ಅದು ಶಿಲೀಂಧ್ರವೆಂದು ಸ್ಪಷ್ಟವಾಯಿತು. ಬಹುತೇಕ ಶಿಲೀಂಧ್ರಗಳ ಕೋಶಪೊರೆಯಲ್ಲಿ ಇರುವ ಎರ್ಗೊಸ್ಟೆರಾಲ್ ಇದರಲ್ಲಿಲ್ಲ. ಅನೇಕ ಶಿಲೀಂಧ್ರನಾಶಕಗಳ ಗುರಿಯೇ ಆ ವಸ್ತು. ಮನುಷ್ಯರಲ್ಲಿ ಕಾಣುವ ಪ್ರಭೇದಕ್ಕೆ ಈಗ ಯೀರೊವೆಟ್ಸ್ ಹೆಸರಿದೆ.

ಎಚ್‌ಐವಿ ಇರುವವರ ರಕ್ತದಲ್ಲಿ ಸಿಡಿ4 ಕೋಶಗಳು ಘನ ಮಿಲಿಮೀಟರಿಗೆ 200ಕ್ಕಿಂತ ಕೆಳಗಿಳಿದರೆ ಅಪಾಯ ಹೆಚ್ಚು. ಕೋ-ಟ್ರೈಮೊಕ್ಸಜೋಲ್ ಎಂಬ ಅಗ್ಗದ ಮಾತ್ರೆಯಿಂದ ಇದನ್ನು ತಡೆಯಬಹುದೆಂದು 1977ರಲ್ಲೇ ಕ್ಯಾನ್ಸರ್ ಪೀಡಿತ ಮಕ್ಕಳಲ್ಲಿ ಸಿದ್ಧವಾಗಿತ್ತು. ನಮ್ಮ ದೇಶದ ಎಚ್‌ಐವಿ ರೋಗಿಗಳಲ್ಲಿ ಮುಂಚೂಣಿಯ ಸಮಯಸಾಧಕ ಸೋಂಕು ಕ್ಷಯ. ಕ್ಷಯಾಣುವನ್ನು ಕಫದಲ್ಲಿ ಕಾಣಬಹುದು, ಪ್ರಯೋಗಾಲಯದಲ್ಲಿ ಬೆಳೆಸಲೂಬಹುದು. ನ್ಯೂಮೊಸಿಸ್ಟಿಸ್ ರೋಗಿಗೆ ಒಣಕೆಮ್ಮು, ಕಫವೇ ಬಾರದು. ಜೀವಿಯನ್ನು ಬೆಳೆಸುವುದೂ ಬಲು ಕಷ್ಟ. ಕೊಳವೆ ಇಳಿಸಿ ಶ್ವಾಸಕೋಶ ತೊಳೆದ ದ್ರವವನ್ನು ಪರೀಕ್ಷಿಸುವ ಸೌಕರ್ಯ ಇಲ್ಲದೆಡೆ ವೈದ್ಯರು ಲಕ್ಷಣಗಳನ್ನಷ್ಟೇ ನಂಬಿ ಚಿಕಿತ್ಸೆ ಆರಂಭಿಸಬೇಕಾಗುತ್ತದೆ.